ಹತ್ತು ದೀಪದಡಿಯ ಹರಳು

ವಜ್ರದ ಕಟಿಂಗನ್ನು, ಅಂದರೆ ಅದರ ಮುಖಗಳನ್ನು ಕೊರೆದ ಅಂದವನ್ನು, ಕಿಟಕಿಯ ಬೆಳಕಿನಲ್ಲೇ ನೋಡಬೇಕು. ಆನ್‌ಲೈನ್ ವ್ಯಾಪಾರ ಶುರುವಾದ ಮೇಲೆ ನಾಗಭೂಷಣ ಶೆಟ್ಟರ ಅಂಗಡಿಯಲ್ಲಿ ಎಲ್ಲರೂ ಈ ನಿಯಮ ಮುರಿದರು.

ಮಗಳ ಮೂಗುಬೊಟ್ಟಿಗೆಂದು ಟೀಚರಮ್ಮ ಒಬ್ಬರು ಹರಳಿನ ವಿಡಿಯೊ ಕೇಳಿದ್ದರು. ಹರಳೋ ಮಂಕು.

"ಹತ್ತು ದೀಪ ಹಾಕಿ ತೆಗಿಯಯ್ಯ. ಇಲ್ಲವಾದರೆ ನಾಳೆಯಿಂದ ಬರಬೇಡ" ಎಂದು ಶೆಟ್ಟರು ಗುಮಾಸ್ತನಿಗೆ ಗದರಿದರು.

ಗುಮಾಸ್ತ ವಿಡಿಯೊ ತೆಗೆದು ತೋರಿಸಿದ.

"ಆಹಾ! ಕಟಿಂಗ್ ಅಂದರೆ ಇದಪ್ಪಾ! ಎಲ್ಲಿ, ಆ ಹರಳು ಕೊಡು ಇಲ್ಲಿ" ಎಂದು ಶೆಟ್ಟರು ಕೈ ಚಾಚಿದರು.

ಅಂಗೈಗೆ ಬಿದ್ದದ್ದು ಅಂಟಂಟಾಗಿತ್ತು. "ಏನಯ್ಯಾ ಇದು?"

"ಬೆಳಿಗ್ಗೆ ಗಲ್ಲಾಪೆಟ್ಟಿಗೆಯ ಪೂಜೆಗೆ ನೀವೇ ಇಟ್ಟ ಕಲ್ಲುಸಕ್ಕರೆ, ಧಣಿ. ಹತ್ತು ದೀಪದಡಿ ಅದಕ್ಕೂ ಕಟಿಂಗ್ ಬಂದುಬಿಟ್ಟಿತು."

ಗುಮಾಸ್ತ ಶೆಟ್ಟರ ಅಂಗೈಯಿಂದ ಕಲ್ಲುಸಕ್ಕರೆಯನ್ನು ಎತ್ತಿ ತನ್ನ ಬಾಯಿಗೆ ಹಾಕಿಕೊಂಡ. ಹತ್ತೂ ದೀಪ ಆರಿಸಿದ. ನಿಜವಾದ ಹರಳನ್ನು ಕಿಟಕಿಯಲ್ಲಿಟ್ಟು ಟೀಚರಮ್ಮನಿಗೆ ವಿಡಿಯೊ ತೆಗೆಯತೊಡಗಿದ.