ಗೋಡೆಯಾಚೆಯ ಪಾಸ್ಖ

ತೊರೆಬೀಡಿನ ಪುಟ್ಟ ಹೆಂಚಿನ ದೇವಾಲಯದ ಹಿಂಬದಿಗೆ ಮಸಿ ಹಿಡಿದ ಅಡುಗೆಮನೆಯೊಂದಿತ್ತು. ಈಸ್ಟರ್ ಹಬ್ಬದ ಹಿಂದಿನ ಆ ಪವಿತ್ರ ಶನಿವಾರದ ಮಧ್ಯಾಹ್ನ ಪೂಜ್ಯ ಲಾಜರ ಸ್ವಾಮಿಗಳು ಅಲ್ಲಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕೆಂಪು ಬಣ್ಣ ಹಿಡಿಯಲೆಂದು ಈರುಳ್ಳಿ ಸಿಪ್ಪೆ ಹಾಕಿದ ನೀರಿನಲ್ಲಿ ಮೊಟ್ಟೆ ಬೇಯಿಸುತ್ತಿದ್ದರು. ಮರುದಿನ ಮುಂಜಾನೆಯ ಪೂಜೆ ಮುಗಿದ ಮೇಲೆ ಮನೆಮನೆಗೆ ಹಂಚಬೇಕೆಂಬುದು ಅವರ ಆಸೆ. ಸ್ವಾಮಿಗಳು ಊರಿಗೆ ಹೊಸಬರು. ಮೊದಲು ದೂರದ ಬಂದರಿನ ಆಸ್ಪತ್ರೆಯಲ್ಲಿದ್ದರು, ನಾನಾ ದೇಶಗಳ ನಾವಿಕರ ಕೊನೆಗಾಲದಲ್ಲಿ ಪಕ್ಕ ಕುಳಿತು ಪ್ರಾರ್ಥಿಸುತ್ತಿದ್ದರು ಎಂಬುದಷ್ಟೇ ಜನರಿಗೆ ಗೊತ್ತಿತ್ತು.

ಉಪದೇಶಿ ಇನ್ನಾಸಪ್ಪನವರು ಧುಮುಗುಡುತ್ತ ಬಂದು ಬಾಗಿಲಲ್ಲಿ ನಿಂತರು. ಊರ ಮಕ್ಕಳಿಗೆಲ್ಲ ಜಪ ಕಲಿಸಿದವರು, ಗುರುಗಳಿಲ್ಲದ ವರ್ಷಗಳಲ್ಲಿ ದೇವಾಲಯವನ್ನು ಒಬ್ಬರೇ ನಡೆಸಿಕೊಂಡು ಬಂದವರು. ಅವರಿಗೆ ನಿಯಮವೆಂದರೆ ಪ್ರಾಣ.

"ಸ್ವಾಮಿ, ಇದು ದೇವರ ಮನೆಯೋ, ಮೊಟ್ಟೆ ಅಂಗಡಿಯೋ? ಪಟ್ಟಣದಲ್ಲಿ ಬೋಧಕರೊಬ್ಬರು ಹೇಳಿದರು. ಈಸ್ಟರ್ ಅನ್ನೋ ಹೆಸರೇ ಯಾವುದೋ ಅನ್ಯದೇವತೆಯದಂತೆ. ಮೊಟ್ಟೆಯೂ ಅವಳದೇ ಅಂತೆ. ಇಷ್ಟು ದಿನ ಜನರಿಂದ ಉಪವಾಸ ಮಾಡಿಸಿ, ಕೊನೆಗೆ ಈ ಹೊಲಸನ್ನು ಅವರ ಕೈಗೆ ಕೊಡೋದೆ?"

ಸ್ವಾಮಿಗಳು ಸೌಟಿನಲ್ಲಿ ಒಂದು ಮೊಟ್ಟೆ ಎತ್ತಿ ನೋಡಿದರು. ಬಣ್ಣ ಇನ್ನೂ ಹಿಡಿದಿರಲಿಲ್ಲ. ಮತ್ತೆ ನೀರಿಗೆ ಬಿಟ್ಟರು.

"ಕೂತ್ಕೊಳ್ಳಿ ಉಪದೇಶಿಗಳೇ."

"ಕೂರಲ್ಲ."

"ಹಾಗಾದರೆ ನಿಂತೇ ಕೇಳಿ. ಆ ಹೆಸರು ಒಂದೆರಡು ನಾಡಿನವರ ಮಾತು. ಅದರ ಮೂಲದ ಬಗ್ಗೆ ಪಂಡಿತರಲ್ಲೇ ಒಮ್ಮತವಿಲ್ಲ. ನಮ್ಮ ಹಿರಿಯರು ಇದನ್ನು ಪಾಸ್ಖ ಎಂದರು. ಇಸ್ರಯೇಲರು ಗುಲಾಮಗಿರಿಯಿಂದ ಬಿಡುಗಡೆಯಾಗಿ ಹೊರಟ ರಾತ್ರಿಯ ಹೆಸರು ಅದು. ಆ ಹಬ್ಬದ ದಿನಗಳಲ್ಲೇ ಯೇಸುಸ್ವಾಮಿ ಶಿಲುಬೆಯ ಮೇಲೆ ಮಡಿದರು, ಮೂರನೆಯ ದಿನ ಎದ್ದರು. ಇನ್ನು ಮೊಟ್ಟೆಯ ವಿಷಯ. ಹಿಂದೆ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಮುಗಿಯುವವರೆಗೆ ಜನ ಮೊಟ್ಟೆಯನ್ನೂ ಮುಟ್ಟುತ್ತಿರಲಿಲ್ಲ. ಕೋಳಿಗಳಿಗೆ ಯಾವ ಉಪವಾಸ? ಹಬ್ಬದ ಹೊತ್ತಿಗೆ ಮನೆ ತುಂಬ ಮೊಟ್ಟೆ. ಗ್ರೀಕ್ ನಾವಿಕರು ಅದಕ್ಕೆ ಕ್ರಿಸ್ತರ ರಕ್ತದ ನೆನಪಿಗೆಂದು ಕೆಂಪು ಹಾಕಿ, ಒಂದಕ್ಕೊಂದು ಕುಟ್ಟಿ ಒಡೆದು, ಕ್ರಿಸ್ತರು ಎದ್ದರು ಅಂತ ಕೂಗುತ್ತಿದ್ದರು. ಪೋಲೆಂಡಿನವನೊಬ್ಬ ರೊಟ್ಟಿ, ಉಪ್ಪು, ಮೊಟ್ಟೆ ಇಟ್ಟ ಬುಟ್ಟಿಯನ್ನು ಮಂತ್ರಿಸಿ ಕೊಡಿ ಎಂದು ನನ್ನನ್ನು ಕೇಳಿದ. ಮಂತ್ರಿಸಿ ಕೊಟ್ಟೆ. ತಿನ್ನುವಷ್ಟರಲ್ಲಿ ತೀರಿಹೋದ."

ಇನ್ನಾಸಪ್ಪನವರ ಸಿಟ್ಟು ಇಳಿಯಲಿಲ್ಲ. ಅವರು ಬಂದ ನಿಜವಾದ ಕಾರಣ ಇನ್ನೂ ಗಂಟಲಲ್ಲೇ ಇತ್ತು.

"ಮೊಟ್ಟೆ ಹಾಳಾಗಲಿ. ನಾಳೆ ಮೆರವಣಿಗೆಯಲ್ಲಿ ಆ ಆರೋಗ್ಯಮ್ಮ ಎಲ್ಲರಿಗಿಂತ ಮುಂದೆ ನಡೀತಾಳಂತೆ? ತಾವೇ ಮನೆಗೆ ಹೋಗಿ ಕರೆದಿರಂತೆ?"

ಆರೋಗ್ಯಮ್ಮನವರ ಒಬ್ಬನೇ ಮಗ ಅರುಳಪ್ಪ ಹಿಂದಿನ ಮಳೆಗಾಲದಲ್ಲಿ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದ. ಕಾಲು ಜಾರಿ ಬಿದ್ದನೋ, ಬೇಕೆಂದೇ ಹಾರಿದನೋ, ಕಂಡವರಿಲ್ಲ. ಹಾರಿದನೆಂದು ತೀರ್ಮಾನಿಸಿದವರು ಇನ್ನಾಸಪ್ಪನವರು. ತಾನಾಗಿ ಪ್ರಾಣ ಕಳೆದುಕೊಂಡವನಿಗೆ ಪವಿತ್ರ ಮಣ್ಣಿಲ್ಲ ಎಂದು ಸಮಾಧಿಭೂಮಿಯ ಬಾಗಿಲಿಗೆ ಅಡ್ಡ ನಿಂತಿದ್ದರು. ಆರೋಗ್ಯಮ್ಮನವರು ಕಾಲು ಹಿಡಿದಾಗ ಕಾಲನ್ನು ಹಿಂದಕ್ಕೆಳೆದುಕೊಂಡಿದ್ದರು. ಕೊನೆಗೆ ಕಾಡುಗಲ್ಲಿನ ಗೋಡೆಯ ಆಚೆ, ದನ ಓಡಾಡುವ ಜಾಗದಲ್ಲಿ ಮಗನನ್ನು ಮಣ್ಣು ಮಾಡಿದ್ದಾಯಿತು. ಅಂದಿನಿಂದ ಆ ತಾಯಿ ಕಪ್ಪು ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಪೂಜೆಯ ಹೊತ್ತಿನಲ್ಲೂ ದೇವಾಲಯದ ಹೊರಗಿನ ಕಟ್ಟೆಯ ಮೇಲೆಯೇ ಕೂರುತ್ತಿದ್ದರು.

ಸ್ವಾಮಿಗಳು ಎದ್ದು ನಿಂತರು. ಅಷ್ಟು ಹೊತ್ತು ಮೆಲ್ಲಗಿದ್ದ ದನಿ ಸಿಟ್ಟಿನಿಂದ ನಡುಗಿತು.

"ಫಿಲಿಪೈನ್ಸಿನ ನಾವಿಕನೊಬ್ಬ ಹೇಳಿದ್ದ. ಅವನ ಊರಲ್ಲಿ ಪಾಸ್ಖದ ಮುಂಜಾನೆ ಎರಡು ಮೆರವಣಿಗೆ ಹೊರಡುತ್ತವಂತೆ. ಒಂದರಲ್ಲಿ ಎದ್ದುಬಂದ ಯೇಸುಸ್ವಾಮಿಯ ಪ್ರತಿಮೆ, ಇನ್ನೊಂದರಲ್ಲಿ ಕಪ್ಪು ಮುಸುಕಿನ ಅವರ ತಾಯಿಯದು. ಇಬ್ಬರೂ ಎದುರುಬದುರಾದಾಗ ಆ ಮುಸುಕು ತೆಗೆಯುತ್ತಾರೆ. ಅಲ್ಲಿಯವರೆಗೆ ಅವರಿಗೆ ಹಬ್ಬವಿಲ್ಲ. ಮೊಟ್ಟೆ ಎಲ್ಲಿಂದ ಬಂತೆಂದು ನೀವು ಪಟ್ಟಣದವರೆಗೆ ಹೋಗಿ ವಿಚಾರಿಸಿದಿರಿ. ಈ ತಾಯಿ ಆ ಕಟ್ಟೆಗೆ ಹೇಗೆ ಬಂದಳೆಂದು ಒಂದು ದಿನವಾದರೂ ವಿಚಾರಿಸಿದಿರಾ? ಆ ಹುಡುಗ ಕೊನೆಯ ಉಸಿರಿನಲ್ಲಿ ಏನು ಬೇಡಿದನೆಂದು ಕೇಳಲು ಬಾವಿಯೊಳಗೆ ನೀವಿದ್ದಿರಾ? ದೇವರಿದ್ದರು."

ಇನ್ನಾಸಪ್ಪನವರು ಕೈಮುಗಿಯದೆ ಹೊರಟುಹೋದರು. ದಾರಿಯುದ್ದಕ್ಕೂ ಸ್ವಾಮಿಗಳನ್ನು ಬೈದರು, ಮನೆಯಲ್ಲಿ ಹೆಂಡತಿಯ ಮೇಲೆ ರೇಗಿದರು. ಬಡಿಸಿದ ಅನ್ನವನ್ನು ಬಿಟ್ಟು ಎದ್ದರು. ತಾನು ಕಾಪಾಡಿದ್ದು ದೇವರ ನಿಯಮವನ್ನೇ ಎಂದು ಎಷ್ಟು ಬಾರಿ ಹೇಳಿಕೊಂಡರೂ ಆ ಕೊನೆಯ ಮಾತು ಅವರನ್ನು ಬಿಡಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಮೆರವಣಿಗೆ ಹೊರಟಿತು. ದೇವಾಲಯವನ್ನು ಸುತ್ತಬೇಕಾದ ಸ್ವಾಮಿಗಳು ಸಮಾಧಿಭೂಮಿಯನ್ನೂ ದಾಟಿ ಗೋಡೆಯಾಚೆಗೆ ನಡೆದರು. ಮುಂದೆ ಆರೋಗ್ಯಮ್ಮನವರು, ಹಿಂದೆ ಮೇಣದ ಬತ್ತಿ ಹಿಡಿದ ಹೆಂಗಸರು. ಗಂಡಸರು ಅಷ್ಟು ದೂರ ಹೋಗಲು ಒಪ್ಪದೆ ಗೋಡೆಯ ಈಚೆಯೇ ಉಳಿದರು. ಇನ್ನಾಸಪ್ಪನವರೂ ಅವರ ನಡುವೆ ನಿಂತರು.

ಆರೋಗ್ಯಮ್ಮನವರು ಕುಸಿದ ಮಣ್ಣದಿಬ್ಬದ ಪಕ್ಕ ಕುಳಿತು, ಕೆಂಪು ಮೊಟ್ಟೆಯೊಂದನ್ನು ಅದರ ಮೇಲಿಟ್ಟರು. ಮಲಗಿದ ಮಗುವನ್ನು ಎಬ್ಬಿಸುವಂತೆ ಮಣ್ಣನ್ನು ಮೆಲ್ಲಗೆ ತಟ್ಟಿದರು.

"ಹಬ್ಬ ಬಂತು ಕಣೋ ಮಗಾ. ಏಳು."

ಇನ್ನಾಸಪ್ಪನವರು ತಟ್ಟನೆ ತಿರುಗಿದರು. ಗುಂಡಿ ತೋಡುವವರ ಗುಡಿಸಲಿನಿಂದ ಹಾರೆ ಎತ್ತಿಕೊಂಡು ಬಂದು, ಗೋಡೆಯ ಕಲ್ಲಿನ ಸಂದಿಗೆ ಹೊಡೆದರು. ಗಂಡಸರು ಮುತ್ತಿಕೊಂಡರು.

"ಏನಿದು ಉಪದೇಶಿಗಳೇ? ಗೋಡೆ ಕೆಡವೋದಕ್ಕೆ ಯಾರಪ್ಪಣೆ?"

"ಅವನನ್ನು ಹೊರಗೆ ಹಾಕುವಾಗ ಯಾರಪ್ಪಣೆ ಕೇಳಿದಿರಿ?" ಇನ್ನಾಸಪ್ಪನವರು ಅಬ್ಬರಿಸಿದರು. "ಅವತ್ತು ನನ್ನ ಮಾತು ಸಾಕಾಗಿತ್ತಲ್ಲ! ಒಬ್ಬನಾದರೂ, ತಪ್ಪು ಮಾಡ್ತಾ ಇದ್ದೀಯ ಅಂತ ನನ್ನ ಕೊರಳಪಟ್ಟಿ ಹಿಡಿದಿರಾ? ಇವತ್ತೂ ನನ್ನದೇ ಮಾತು. ಹಿಡೀರಿ ಕಲ್ಲು!"

ಮೊದಲು ಒಬ್ಬ ಬಗ್ಗಿದ, ಆಮೇಲೆ ಉಳಿದವರು. ಬಿಸಿಲು ಮೇಲೇರುವಷ್ಟರಲ್ಲಿ ಆ ದಿಬ್ಬಕ್ಕೂ ಒಳಗಿನ ಸಮಾಧಿಗಳಿಗೂ ನಡುವೆ ಅಡ್ಡವಿರಲಿಲ್ಲ.

ಇನ್ನಾಸಪ್ಪನವರ ಅಂಗೈ ಒಡೆದು ರಕ್ತ ಬಂದಿತ್ತು. ಕಲ್ಲು ತೆಗೆದ ಜಾಗದಲ್ಲೇ ನಿಂತರು. ಮುಂದೆ ಕಾಲಿಡಲು ಅವರಿಗೆ ಧೈರ್ಯವಾಗಲಿಲ್ಲ. ಆರೋಗ್ಯಮ್ಮನವರು ತಾವೇ ಸೆರಗನ್ನು ಮುಖದಿಂದ ಸರಿಸಿದರು. ಇನ್ನಾಸಪ್ಪನವರನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿನ್ನೂ ಆರಿರಲಿಲ್ಲ.

"ಅವನನ್ನು ಮಣ್ಣು ಮಾಡಿದ ದಿನ ಎಲ್ಲರೂ ಹಿಡಿ ಮಣ್ಣು ಹಾಕಿದರು, ನೀವು ಹಾಕಲಿಲ್ಲ. ಅವನಿಗೆ ಜಪ ಕಲಿಸಿದವರು ನೀವು. ಬನ್ನಿ, ಹಾಕಿ."

ಲಾಜರ ಸ್ವಾಮಿಗಳು ದಿಬ್ಬದ ಪಕ್ಕ ಮಂಡಿಯೂರಿದರು. ಇನ್ನಾಸಪ್ಪನವರು ಅವರ ಪಕ್ಕ ಕುಸಿದು, ಮಣ್ಣು ಹಾಕಿ, "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ತೊಡಗಿದರು. ಅರ್ಧಕ್ಕೆ ಬರುವಾಗ, "ನಮ್ಮ ತಪ್ಪುಗಳನ್ನು" ಎನ್ನುವಲ್ಲಿ, ದನಿ ಕಟ್ಟಿಹೋಯಿತು. "ಕ್ಷಮಿಸಿರಿ" ಎಂದು ಮಿಕ್ಕದ್ದನ್ನು ಆರೋಗ್ಯಮ್ಮನವರೇ ಹೇಳಿ ಮುಗಿಸಿದರು.