ಮಳೆಯಿಲ್ಲದ ಜಲಪಾತ

"ಗುರುಗಳೇ, ತಾಯಿಗೆ ಸಮುದ್ರ ತೋರಿಸಿಕೊಂಡು ಬರಬೇಕು. ಯಾವ ಕಾಲ ಒಳ್ಳೆಯದು?" ಎಂದು ಶಿಷ್ಯ ಚೆನ್ನವೀರ ಕೇಳಿದ. "ಮುಂಗಾರಿನಲ್ಲಿ ಘಟ್ಟ ಇಳಿಯುವುದು ಕಷ್ಟ. ಅಲ್ಲಿ ಮಳೆ ಬಿಟ್ಟಿತು ಎನ್ನುವಾಗ ನಮ್ಮ ಬಯಲಿನಲ್ಲಿ ಹಿಂಗಾರು ಹಿಡಿಯುತ್ತದೆ. ಚಳಿಗಾಲದಲ್ಲಿ ಅವಳಿಗೆ ಕೆಮ್ಮು. ಬೇಸಗೆಯಲ್ಲಿ ಕರಾವಳಿಯ ಸೆಕೆ. ಮೂರು ವರ್ಷದಿಂದ ಕಂಡಕಂಡವರನ್ನೆಲ್ಲ ವಿಚಾರಿಸುತ್ತಲೇ ಇದ್ದೇನೆ."

ಗುರುಗಳು ನಕ್ಕು, ಕೂತುಕೋ ಎಂದು ಕೈ ತೋರಿಸಿ, ಕತೆ ಶುರು ಮಾಡಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಹಸಿ ಗಾಳಿ ಬೀಸಿದರೆ ಸಾಕು, ಅವನ ಜೀವ ಅಂಗಡಿಯ ಬೆಲ್ಲದಚ್ಚುಗಳ ಸುತ್ತ ಹಾರಾಡುತ್ತಿತ್ತು. ಮಳೆ ಬಂದರೆ ಲೋಕಕ್ಕೆಲ್ಲ ಸಂತೋಷ, ಈ ಪುಣ್ಯಾತ್ಮನಿಗೆ ಮಾತ್ರ ಸಂಕಟ. ಅವನ ತಾಯಿಗೆ ಕಣ್ಣು ಮಂಜಾಗುತ್ತಾ ಬಂದಿತ್ತು. ಪೂರ್ತಿ ಕತ್ತಲಾಗುವ ಮೊದಲು ತವರಿನ ದಾರಿಯ ಜಲಪಾತವನ್ನು ಇನ್ನೊಮ್ಮೆ ನೋಡಬೇಕೆಂದು ಅವಳಿಗೆ ಆಸೆ. ಮಗನಿಗೆ ತಾಯಿಯೆಂದರೆ ಪ್ರಾಣ. ಅವಳ ಮೈಮೇಲೆ ಒಂದು ಹನಿಯೂ ಬೀಳಬಾರದೆಂದು ಪಂಚಾಂಗ ನೋಡಿದ, ಗಾಡಿಯವರನ್ನು ಕೇಳಿದ. ಸ್ವಾತಿ ಮಳೆ ಮುಗಿದು, ಚಳಿ ಕಳೆದು, ಯುಗಾದಿಯ ಹೊತ್ತಿಗೆ ದಾರಿ ಚೆನ್ನಾಗಿ ಒಣಗಿರುತ್ತದೆ ಎಂದು ತೀರ್ಮಾನಿಸಿದ.

ಬೆಲ್ಲ ಸಾಗಿಸುವ ಹಾಗೆಯೇ, ಗಾಡಿಯಲ್ಲಿ ಕೆಳಗೆ ಹುಲ್ಲು ಹಾಸಿ, ಸುತ್ತ ಚಾಪೆ ಕಟ್ಟಿ ತಾಯಿಯನ್ನು ಕೂರಿಸಿದ. ನಾಲ್ಕು ದಿನದ ಪ್ರಯಾಣ. ದಾರಿಯಲ್ಲಿ ಒಂದು ಹನಿ ಬೀಳಲಿಲ್ಲ. ಜಲಪಾತದಲ್ಲೂ ಬೀಳಲಿಲ್ಲ.

ಎದುರಿಗೆ ಬರೀ ಕರಿಬಂಡೆ. ವ್ಯಾಪಾರಿ ತಲೆಯ ಮೇಲೆ ಕೈ ಹೊತ್ತು ಕೂತ. ತಾಯಿ ಬಂಡೆಯ ಕಡೆ ನೋಡಿದಳು, ಮಗನ ಕಡೆ ನೋಡಿದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮಳೆ ಬೇಡ, ನೀರು ಮಾತ್ರ ಬೇಕು ಅಂದ್ರೆ ಎಲ್ಲಿಂದ ಬರ್ತದೋ ಮಗನೇ?"

"ನೀನು ನೆನೆದುಬಿಡ್ತೀಯ ಅಂತ, ಅಮ್ಮಾ..."

"ನೆಂದ್ರೆ ಏನಾಯ್ತು? ನಾನೇನು ಬೆಲ್ಲದಚ್ಚೇನೋ, ಕರಗಿ ಹೋಗೋಕೆ? ಮದುವೆಯಾಗಿ ಬರುವಾಗ ನಿಮ್ಮಪ್ಪನ ಜೊತೆ ಇಲ್ಲೇ ಒದ್ದೆಮುದ್ದೆಯಾಗಿ ನಿಂತಿದ್ದೆ. ನನಗೆ ಬೇಕಾಗಿದ್ದು ಅದು."

ಆ ವರ್ಷ ಪುನರ್ವಸು ಮಳೆ ಭೋರೆಂದು ಹಿಡಿದ ದಿನ ಅವಳೇ ಗಾಡಿ ಹೂಡಿಸಿದಳು. ವ್ಯಾಪಾರಿ ಬೆಲ್ಲವನ್ನು ದೇವರಿಗೆ ಒಪ್ಪಿಸಿ ಹೊರಟ. ಚಾಪೆ ಹಾರಿತು, ಚಕ್ರ ಹೂತಿತು, ಇಬ್ಬರೂ ಕೆಸರಾದರು. ತಲುಪಿದರೆ ಕಣಿವೆಯ ತುಂಬ ಮಂಜು. ಎದುರಿಗೇ ಇದ್ದ ಜಲಪಾತ ಕಾಣಲಿಲ್ಲ. ಸದ್ದು ಕೇಳುತ್ತಿತ್ತು, ತುಂತುರು ಮುಖಕ್ಕೆ ರಾಚುತ್ತಿತ್ತು, ಅಷ್ಟೇ. ವ್ಯಾಪಾರಿಗೆ ಅಳುವೇ ಬಂತು.

"ಏನೂ ಕಾಣ್ತಿಲ್ಲ ಅಮ್ಮಾ."

"ಹಾಗಾದ್ರೆ ಇವತ್ತು ನಿನಗೂ ನನ್ನ ಕಣ್ಣೇ," ಎಂದು ತಾಯಿ ಅವನ ಕೈ ಹಿಡಿದಳು. "ಮುಖ ಮೇಲೆತ್ತು."

ಅವನು ಎತ್ತಿದ. ಸ್ವಲ್ಪ ಹೊತ್ತಿಗೆ ಅವನಿಗೂ ನಗು ಬಂತು. ಆಮೇಲೆ ಇಬ್ಬರೂ ಮಕ್ಕಳ ಹಾಗೆ ನಕ್ಕರು. ಮಳೆಯಲ್ಲಿ ಇಷ್ಟು ಸುಖ ಇರುತ್ತದೆಂದು ಅವನಿಗೆ ಆ ವಯಸ್ಸಿನವರೆಗೆ ಗೊತ್ತಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ಚೆನ್ನವೀರನ ಮುಖ ಅರಳಿತ್ತು. "ತಿಳಿಯಿತು ಗುರುಗಳೇ. ಹಾಗಾದರೆ ನಾನೂ ಮುಂಗಾರಿನಲ್ಲೇ ಅವಳನ್ನು ಕರೆದುಕೊಂಡು ಹೋಗುತ್ತೇನೆ."

"ಊರವರನ್ನೆಲ್ಲ ಕೇಳಿದೆ, ನನ್ನನ್ನೂ ಕೇಳಿದೆ, ತಾಯಿಯನ್ನು ಕೇಳಿದೆಯಾ?" ಎಂದರು ಗುರುಗಳು.

ಚೆನ್ನವೀರ ಎದ್ದು ಮನೆಯ ಕಡೆ ಹೊರಟ.