ಹಳದಿ ದೀಪ ಯಾರ ಕೈಯಾಗ ಹತ್ತಿತು?

ಎಂಜಿನ್ನಿನಲ್ಲಿ ಏನೋ ಕೆಟ್ಟಿದೆ ಎಂದು ಹೇಳುವ ಹಳದಿ ದೀಪ ಗದಗಿನ ಕಾಂಟ್ರಾಕ್ಟರ್ ತೋಟಪ್ಪನವರ ಕಾರಿನಲ್ಲಿ ಉರಿಯುತ್ತಿತ್ತು. ಮುಂಜಾನೆ ಅದನ್ನು ತೋರಿಸಿದವನೇ ಡ್ರೈವರ. ತೋರಿಸಿದ್ದೇ ತಪ್ಪಾಯಿತು. ಹೆಂಡತಿ ನೀಲವ್ವನನ್ನೂ ಕೂರಿಸಿಕೊಂಡು ಗ್ಯಾರೇಜಿಗೆ ಬಂದ ತೋಟಪ್ಪ ಡ್ರೈವರನಿಂದ ಕೀಲಿ ಕಿತ್ತುಕೊಂಡು ನಾಲ್ಕು ಜನರೆದುರು ಕೂಗಾಡಿದರು.

"ಇಂವಾ ಕೈ ಹಚ್ಚಿದ, ದೀಪ ಹತ್ತಿತು. ನಾಳಿಂದ ಕೆಲಸಕ್ಕ ಬರಬ್ಯಾಡಲೇ."

ಡ್ರೈವರ ಕೈಕಟ್ಟಿ ನಿಂತು ಕೇಳಿದ: "ಖರೇ ರೀ ಸಾಹುಕಾರ್ರ. ಯಾರ ಕೈಯಾಗ ದೀಪ ಹತ್ತೇತೋ ಅವರು ಮತ್ತ ಸ್ಟೇರಿಂಗ್ ಮುಟ್ಟಬಾರದು, ಹೌದಲ್ರೀ?"

"ಯಾವನ ಇರಲಿ, ಮುಟ್ಟಬಾರದು." ತೋಟಪ್ಪ ಮೀಸೆ ತಿರುವಿದರು.

ಡ್ರೈವರ ಮೆಕ್ಯಾನಿಕ್ ಕಡೆ ತಿರುಗಿದ. "ಇಮಾಮಣ್ಣ, ಸ್ಕ್ಯಾನರ್ ಹಚ್ಚು. ದೀಪ ಹತ್ತಿದ ಮ್ಯಾಲೆ ಗಾಡಿ ಎಷ್ಟು ಓಡೇತಿ, ಜೋರಾಗಿ ಓದು."

ಇಮಾಮಸಾಬ ಕಾರಿನ ಕಂಪ್ಯೂಟರಿನಲ್ಲಿ ದಾಖಲಾದದ್ದನ್ನು ಓದುವ ಸ್ಕ್ಯಾನರನ್ನು ಸ್ಟೇರಿಂಗ್ ಕೆಳಗೆ ಸಿಕ್ಕಿಸಿದ. "ಒಂದು ಸೆನ್ಸರಿನ ವೈರ್ ಸಡ್ಲಾಗೇತಿ, ಅಷ್ಟ. ಓಡಿದ್ದು ನೂರಾ ಹನ್ನೆರಡು ಕಿಲೋಮೀಟರ್."

"ಮನಿಯಿಂದ ಇಲ್ಲಿಗೆ ಮೂರ ಕಿಲೋಮೀಟರ್," ಎಂದ ಡ್ರೈವರ. "ನಿನ್ನೆ ನನಗ ರಜಾ ಇತ್ತು."

ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು. ನಿನ್ನೆ ಹುಬ್ಬಳ್ಳಿಗೆ ತಾವೇ ಕಾರು ಓಡಿಸಿಕೊಂಡು ಹೋಗಿಬಂದವರು ತೋಟಪ್ಪ.

ನೀಲವ್ವನಿಗೆ ನಗು ತಡೆಯಲಾಗಲಿಲ್ಲ. "ಈ ದೀಪ ಯಾತಕ್ಕ ಅಂತ ನಾ ನಿನ್ನೆ ಹುಬ್ಬಳ್ಳಿ ದಾರಿಯಾಗ ಕೇಳಿದೆ. ಏಸಿ ಚಲೋ ನಡದೇತಿ ಅಂದ್ರಿ." ಗಂಡನ ಕೈಯಿಂದ ಕೀಲಿ ಕಸಿದು ಡ್ರೈವರನಿಗೆ ಕೊಟ್ಟಳು.

ಗ್ಯಾರೇಜೆಲ್ಲ ನಕ್ಕಿತು. ತೋಟಪ್ಪ ತಾವೇ ಹಿಂದಿನ ಬಾಗಿಲು ತೆಗೆದು ಕೂತರು. ಕಿಟಕಿಯಾಚೆ ನೋಡುತ್ತ ಮೆತ್ತಗೆ ಕೇಳಿದರು: "ನಾಳೆ ಎಷ್ಟಕ್ಕ ಬರ್ತೀಯಪಾ?"